ಸ್ಪಷ್ಟನೆ: ಬಾಟಲಿ ಮೇಲಿನ ಎಚ್ಚರಿಕೆ ಕಂಪನಿಯ ಇಷ್ಟವಲ್ಲ

‘ಮದ್ಯದ ಬಾಟಲಿ ಮೇಲೆ ಏನು ಬರೆಯಬೇಕೆಂಬುದು ಕಂಪನಿಗೆ ಬಿಟ್ಟಿದ್ದು. ಅಬಕಾರಿಯವರನ್ನು ಬಿಟ್ಟರೆ ಯಾರೂ ಕೇಳುವಂತಿಲ್ಲ’ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು.

2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ‘ಆಹಾರ’ ಅಂದರೆ ಮದ್ಯವೂ ಸೇರಿದೆ. ಹಾಗಾಗಿ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಖಂಡಿತ ಕೇಳಬಹುದು. ಅದು 2018ರಲ್ಲಿ ಮಾಡಿದ ಮದ್ಯದ ನಿಯಮಗಳು 2019ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಮದ್ಯ ಆರೋಗ್ಯಕ್ಕೆ ಹಾನಿಕರ, ಕುಡಿದು ಗಾಡಿ ಓಡಿಸಬೇಡಿ ಎಂಬ ಎಚ್ಚರಿಕೆ ಕಡ್ಡಾಯ. ಆಲ್ಕೋಹಾಲ್ ಎಷ್ಟಿದೆ ಎಂದೂ ಬರೆಯಬೇಕು. ಶೇ 0.5ಕ್ಕಿಂತ ಜಾಸ್ತಿ ಇದ್ದರೆ ‘ಅಮಲು ಬರುವುದಿಲ್ಲ’ ಎಂದು ಹಾಕುವಂತೆಯೇ ಇಲ್ಲ. ನನಗೆ ಇದೇ ಮುಖ್ಯ ಅನ್ನಿಸುತ್ತದೆ, ಹುಡುಗರು ಮೋಸಹೋಗುವುದು ಇಂಥ ಮಾತಿಗೇ ಅಲ್ವಾ?

ಟಿವಿಯಲ್ಲಂತೂ ಮದ್ಯದ ಜಾಹೀರಾತಿಗೆ 1994ರ ಕೇಬಲ್ ಟಿವಿ ನಿಯಮಗಳಲ್ಲೇ ನಿಷೇಧವಿದೆ. ಸೋಡಾ ಹೆಸರಲ್ಲಿ ಮದ್ಯ ತೋರಿಸುವ ಬದಲಿ ಜಾಹೀರಾತನ್ನು 2022ರ ಜೂನ್‌ನಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರವೂ ನಿಷೇಧಿಸಿದೆ.