ಎಷ್ಟು ತಿಂಗಳ ಕೋರ್ಸ್ ಸಾರ್ ಇದು?

ನಿನ್ನೆ ಇಲ್ಲೇ ಬರ್ಮಿಂಗ್‌ಹ್ಯಾಮ್‌ನಲ್ಲಿ ಸ್ನೇಹಿತರೊಬ್ಬರ ಮನೇಲಿ ಯುಗಾದಿ ಊಟ. ಬಾಳೆಎಲೆ ಸಿಗದೆ ಪೇಪರ್ ಪ್ಲೇಟು, ಆದ್ರೆ ಹೋಳಿಗೆ ಮಾತ್ರ ಅಪ್ಪಟ. ಎರಡನೇದಕ್ಕೆ ತುಪ್ಪ ಹಾಕಿಸ್ಕೊಳ್ತಿದ್ದೆ, ಪಕ್ಕದಲ್ಲಿದ್ದ ಹೊಸ ಪರಿಚಯದ ಮಹಾಶಯರು "ತಾವು ಏನ್ ಮಾಡ್ಕೊಂಡಿದೀರಾ ಸಾರ್" ಅಂದ್ರು. ಉಂಗುರ, ಬೆಳ್ಳಿ ತಟ್ಟೆ ಮೇಲೆ ಮನೆತನದ ಲಾಂಛನ ಕೆತ್ತೋದು ಕಲೀತಿದೀನಿ, ಕೈಯಲ್ಲೇ, ಅಂದೆ. "ಓ ಸೂಪರ್, ಎಷ್ಟು ತಿಂಗಳ ಕೋರ್ಸು? ಸರ್ಟಿಫಿಕೇಟ್ ಕೊಡ್ತಾರಾ?" ಐದು ವರ್ಷ ಅಂದೆ. ಹೋಳಿಗೆ ಅವರ ಬಾಯಿ ಹತ್ರಾನೇ ನಿಂತೋಯ್ತು. "ಐದ್ ವರ್ಷಾನಾ! ಲೇಸರ್‌ನಲ್ಲಿ ಐದು ನಿಮಿಷದ ಕೆಲಸ ಅಲ್ವಾ ಸಾರ್ ಅದು?"

ಹಬ್ಬದ ದಿನ ಅಂತ ಸುಮ್ನಾದೆ. ಇವತ್ತು ಹಬ್ಬ ಅಲ್ಲ.

ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಬಿಟ್ಟು, ಹೆಂಡತಿ ಕೆಲಸದ ಹಿಂದೆ ಈ ಊರಿಗೆ ಬಂದು, ಒಡವೆ ಕೆಲಸದವರ ಕೇರಿಯಾದ ಜ್ಯುವೆಲ್ಲರಿ ಕ್ವಾರ್ಟರ್‌ನ ಒಂದು ಸಣ್ಣ ವರ್ಕ್‌ಶಾಪ್ ಸೇರಿದ ಕಥೆ ನಿಮಗೆಲ್ಲ ಗೊತ್ತು, ಮತ್ತೆ ಹೇಳಲ್ಲ. ಆದ್ರೆ ಮೊದಲ ಎರಡು ತಿಂಗಳು ನಾನು ಕಲಿತಿದ್ದೇನು ಅಂತ ಯಾರಿಗೂ ಹೇಳಿರಲಿಲ್ಲ, ಮರ್ಯಾದೆ ಪ್ರಶ್ನೆ. ಸಾಣೆ ಹಿಡಿಯೋದು. ಅಷ್ಟೇ. ಗ್ರೇವರ್ ಅಂತ ಕೆತ್ತೋ ಉಳಿ, ಒಂದು ಉಕ್ಕಿನ ಕಡ್ಡಿ, ಹಿಂದೆ ಅಂಗೈಗೆ ಕೂರೋ ಅಣಬೆ ತರದ ಮರದ ಹಿಡಿ, ಅದರ ಮೂತೀನ ಕಲ್ಲಿನ ಮೇಲೆ ಉಜ್ಜು, ನೋಡು, ಮತ್ತೆ ಉಜ್ಜು. ಚೂಪಾಗಿದೆಯಾ ಅಂತ ನೋಡೋಕೆ ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಇಡ್ತಾರೆ, ಕಚ್ಚಿಕೊಂಡ್ರೆ ಸರಿ, ಜಾರಿದ್ರೆ ಮತ್ತೆ ಕಲ್ಲಿಗೆ. ನನ್ನ ಉಗುರಿನ ತುಂಬ ಗೀರು, ಹೆಂಡತಿ "ಬೆಕ್ಕು ಸಾಕಿದೀಯಾ?" ಅಂತಿದ್ಲು.

ಆಮೇಲೆ ತಾಮ್ರದ ತಗಡು, ಅದರ ಮೇಲೆ ನೇರ ಗೆರೆ. ಗೆರೆ ಆದ್ಮೇಲೆ ಬಾಗು. ಬಾಗು ಬಂದಾಗ ಕೈ ತಿರುಗಿಸಬಾರದು, ಕೆಳಗಿರೋ ಚರ್ಮದ ಮರಳು ಚೀಲಾನ ಎಡಗೈಯಲ್ಲಿ ತಿರುಗಿಸ್ಬೇಕು, ಕೆಲಸ ತಾನಾಗಿ ಉಳಿಯ ಕಡೆ ಬರಬೇಕು. ಹೇಳೋಕೆ ಒಂದು ಸಾಲು, ಕೈಗೆ ಬರೋಕೆ ನಂಗೆ ಒಂದು ಚಳಿಗಾಲ ಪೂರ್ತಿ ಹಿಡೀತು. ನಮ್ಮ ಗುರುಗಳು (ಇಲ್ಲಿ ಎಲ್ಲರೂ ಹೆಸರು ಹಿಡಿದೇ ಕರೀತಾರೆ, ನಂಗೆ ಬಾಯಿ ಬರಲ್ಲ, ಸರ್ ಅಂತೀನಿ, ಅವರಿಗೆ ಅದೊಂದು ತಮಾಷೆ) ಒಂದು ಮಾತೂ ಬಯ್ಯಲ್ಲ. ತಗಡನ್ನ ಬೆಳಕಿಗೆ ಹಿಡಿದು, ವಾಲಿಸಿ ನೋಡಿ, ಸ್ಕ್ರ್ಯಾಪ್ ಡಬ್ಬಿಗೆ ಹಾಕ್ತಾರೆ. ಬೈದಿದ್ರೇ ವಾಸಿ.

ಸರಿ, ಗೆರೆ ಬಂತು ಅಂದ್ಕೊಳ್ಳಿ. ಲಾಂಛನ ಅಂದ್ರೆ ಒಂದು ಗುರಾಣಿ, ಅದರ ಮೇಲೆ ಸಿಂಹವೋ ಇನ್ನೇನೋ ಚಿತ್ರ, ಅದಕ್ಕೆ ಅದರದೇ ಭಾಷೆ ಇದೆ. ಲೋಹದ ಮೇಲೆ ಬಣ್ಣ ಇರಲ್ವಲ್ಲ, ಅದಕ್ಕೆ ಗೆರೆಯಲ್ಲೇ ಬಣ್ಣ ಹೇಳ್ತಾರೆ. ಪೆತ್ರಾ ಸಾಂಕ್ತಾ ಅನ್ನೋ ಜೆಸ್ಯೂಟ್ ಪಾದ್ರಿ 1638ರ ತನ್ನ ಪುಸ್ತಕದಲ್ಲಿ ಬಳಸಿದ ಪದ್ಧತಿ, ಇವತ್ತಿಗೂ ಅದೇ. ನಿಂತ ಗೆರೆ ಕೆಂಪು, ಮಲಗಿದ ಗೆರೆ ನೀಲಿ, ಚುಕ್ಕಿ ಹಾಕಿದ್ರೆ ಚಿನ್ನ, ಖಾಲಿ ಬಿಟ್ರೆ ಬೆಳ್ಳಿ, ಉದ್ದ ಅಡ್ಡ ಎರಡೂ ಸೇರಿ ಜಾಲರಿ ಆದ್ರೆ ಕಪ್ಪು. ನಾವು ನೋಡೋವಾಗ ಎಡಮೇಲಿಂದ ಬಲಕ್ಕಿಳಿಯೋ ಓರೆ ಗೆರೆ ಹಸಿರು, ಬಲಮೇಲಿಂದ ಎಡಕ್ಕಿಳಿದ್ರೆ ನೇರಳೆ. ಈಗ ಮಜಾ ಕೇಳಿ. ಅರಗಿನ ಮೇಲೆ ಒತ್ತೋ ಮುದ್ರೆಯುಂಗುರ ಆದ್ರೆ ಎಲ್ಲಾನೂ ತಿರುವುಮುರುವಾಗಿ ಕೆತ್ತಬೇಕು, ಒತ್ತಿದಾಗ ಸರಿಯಾಗಿ ಬರಬೇಕಲ್ಲ. ಸಿಂಹ ತಿರುಗಿಸಿ ಗೆರೆ ತಿರುಗಿಸೋದು ಮರೆತ್ರೆ ಉಂಗುರ ಮಾಡಿಸಿದೋರ ವಂಶದ ಹಸಿರು ಗುರಾಣಿ ಅರಗಿನ ಮೇಲೆ ನೇರಳೆ!

ಅದರ ಮೇಲೆ, ಗುರಾಣಿಯ ಎಡ ಬಲ ಲೆಕ್ಕ ಹಾಕೋದು ನೋಡೋರ ಕಡೆಯಿಂದ ಅಲ್ಲ, ಗುರಾಣಿ ಹಿಡಿದವನ ಕಡೆಯಿಂದ. ನಾನು ಮೊದಲ ಸಿಂಹ ಕೆತ್ತಿದಾಗ ಅದಕ್ಕೊಂದು ಸಲ ತಿರುಗಿಸಿ, ಮುದ್ರೆ ಅಂತ ಇನ್ನೊಂದು ಸಲ ತಿರುಗಿಸಿ, ಹೊರಟ ಜಾಗಕ್ಕೇ ವಾಪಸ್ ಬಂದಿದ್ದೆ. ಪ್ಲಾಸ್ಟಿಸಿನ್‌ಗೆ (ಮಕ್ಕಳು ಆಡೋ ಮೆತ್ತನೆ ಮಣ್ಣು) ಒತ್ತಿ ನೋಡಿದ್ರೆ ಸಿಂಹ ಹಿಮ್ಮುಖ. ಮೂರು ವಾರದ ಕೆಲಸ, ಪುಣ್ಯಕ್ಕೆ ಅಭ್ಯಾಸದ ಹಿತ್ತಾಳೆ ಬಿಲ್ಲೆ. ನಮ್ಮ ಮೈಸೂರಿನ ಗಂಡಭೇರುಂಡ ಆಗಿದ್ರೆ ಈ ರಗಳೆನೇ ಇರ್ತಿರಲಿಲ್ಲ, ಆ ಕಡೆ ಒಂದು ತಲೆ ಈ ಕಡೆ ಒಂದು ತಲೆ, ಹೆಂಗ್ ಒತ್ತಿದ್ರೂ ಅದೇ.

ಲೇಸರ್‌ಗೆ ಒಂದು ಬಟನ್ ಒತ್ತಿದ್ರೆ ತಿರುವುಮುರುವು ಆಗುತ್ತೆ, ಗೊತ್ತು ಸ್ವಾಮಿ, ನಾನೂ ಕಂಪ್ಯೂಟರ್ ಮುಂದೆ ಕೂತೋನೇ. ಆದ್ರೆ ಸವೆದು ಹೋಗಿರೋ ಅಜ್ಜನ ಉಂಗುರದಲ್ಲಿ ಉಳಿದ ನಾಲ್ಕು ಗೆರೆ ನೋಡಿ ಅದು ನೀಲಿನಾ ಕೆಂಪಾ ಅಂತ ಹೇಳೋರು ಯಾರು? ಅದೂ ಹೋಗ್ಲಿ. ಲೇಸರ್ ಸುಟ್ಟ ಗೆರೆ ಮಂಕು. ಉಳಿ ಕತ್ತರಿಸಿದ ಗೆರೆಯ ಎರಡೂ ಗೋಡೆ ಕನ್ನಡಿ, ಬೆರಳು ಅಲ್ಲಾಡಿಸಿದ್ರೆ ಬೆಳಕು ಅದರೊಳಗೆ ಓಡಾಡುತ್ತೆ. ಅದನ್ನ ಪೇಪರ್ ಪ್ಲೇಟ್ ಹಿಡ್ಕೊಂಡು ಹೆಂಗೆ ವಿವರಿಸೋದು?

ಇಲ್ಲಿ ಓದಿಕೊಂಡೋರು ಒಬ್ಬರು ಕಾಮೆಂಟ್ ಹಾಕೇ ಹಾಕ್ತೀರಾ, ಹೋಗಾರ್ತ್ ಅಂತ. ಹೌದಪ್ಪ. ವಿಲಿಯಂ ಹೋಗಾರ್ತ್ ಲಂಡನ್ನಲ್ಲಿ ಎಲ್ಲಿಸ್ ಗ್ಯಾಂಬಲ್ ಅನ್ನೋ ಬೆಳ್ಳಿ ಕೆತ್ತನೆಗಾರನ ಹತ್ರ ಶಿಷ್ಯನಾಗಿದ್ದ, ಇದೇ ಲಾಂಛನದ ಕೆಲಸ, ಬೇಜಾರಾಗಿ ಅವಧಿ ಮುಗಿಸದೆ ಎದ್ದು ಬಂದು 1720ರಲ್ಲಿ ಸ್ವಂತ ಅಂಗಡಿ ಹಾಕಿದ, ದೊಡ್ಡ ಕಲಾವಿದನಾದ. ಆದ್ರೆ ಎದ್ದು ಬಂದಿದ್ದು ವರ್ಷಗಟ್ಟಲೆ ಗೆರೆ ಎಳೆದ ಮೇಲೆ ಕಣ್ರೀ, ವೀಕೆಂಡ್ ವರ್ಕ್‌ಶಾಪ್ ಮುಗಿಸಿ ಸೆಲ್ಫಿ ಹಾಕಿ ಅಲ್ಲ. ಮರದ ಕೆತ್ತನೆಗೆ ಹೆಸರಾದ ಥಾಮಸ್ ಬೆವಿಕ್‌ದೂ ನೋಡಿ, 1767ರಲ್ಲಿ, ಹದಿನಾಲ್ಕನೇ ವಯಸ್ಸಿಗೆ, ನ್ಯೂಕ್ಯಾಸಲ್‌ನ ರಾಲ್ಫ್ ಬೀಲ್ಬಿ ಹತ್ರ ಸೇರಿ ಏಳು ವರ್ಷ ಪೂರ್ತಿ ಕೂತ. ಬೆಳ್ಳಿ, ಗಡಿಯಾರದ ಮುಖ, ಶವಪೆಟ್ಟಿಗೆಯ ಫಲಕ, ಬಂದಿದ್ದೆಲ್ಲ ಮಾಡ್ದ. ಏಳು ವರ್ಷ ಅನ್ನೋದು ಆಗ ಕಾನೂನು, 1563ರದು, 1814ರಲ್ಲಿ ತೆಗೆದುಹಾಕಿದ್ರು. ಅಗ್ಗದ ಕೂಲಿಗೆ ಹುಡುಗರನ್ನ ದುಡಿಸ್ಕೊಳ್ಳೋ ನೆಪ ಅದು ಅಂತೀರಾ, ಇರಬಹುದು, ಅದು ಬೇರೆ ಜಗಳ. ಹುಡುಗರನ್ನ ಕಟ್ಟಿಹಾಕಿದ್ದು ತಪ್ಪು ಅಂದ ಮಾತ್ರಕ್ಕೆ ಗೆರೆ ಬೇಗ ನೇರ ಆಗಲ್ಲ.

ಇಷ್ಟು ಸಿಟ್ಟು ಯಾಕೆ ಬಂತು ಅಂತ ರಾತ್ರಿ ಮಲಗಿದಾಗ ಗೊತ್ತಾಯ್ತು. ಎಷ್ಟು ದಿನ ಬೇಕು ಇದನ್ನ ಕಲಿಯೋಕೆ ಅಂತ ನಾನೂ ಒಬ್ಬರನ್ನ ಕೇಳಿದ್ದೆ. ನಂಜನಗೂಡಲ್ಲಿ, ಜಗಲಿ ಮೇಲೆ, ಅಗ್ಗಿಷ್ಟಿಕೆ ಪಕ್ಕ. ಅಪ್ಪ ಬಳೆ ಮೇಲೆ ಚಾಣ ಇಟ್ಟು ಎಲೆಬಳ್ಳಿ ಬಿಡಿಸ್ತಿದ್ರು, ನನಗೆ ಸಿಇಟಿ ಕೋಚಿಂಗ್‌ಗೆ ಹೊತ್ತಾಗ್ತಿತ್ತು. ಅವರು ತಲೆ ಎತ್ತಲಿಲ್ಲ, "ನೀನು ಓದ್ಕೋ ಹೋಗು" ಅಂದ್ರು. ಈ ಕೆಲಸ ಸೇರಿದೀನಿ ಅಂತ ಫೋನಲ್ಲಿ ಹೇಳಿದಾಗ ತುಂಬ ಹೊತ್ತು ಸುಮ್ನಿದ್ದು, "ಚಾಣ ಹಿಡಿಯೋಕೆ ಅಷ್ಟು ದೂರ ಹೋಗ್ಬೇಕಿತ್ತೇನೋ?" ಅಂದಿದ್ರು. ಉತ್ತರ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಈ ವಾರ ಎರಡನೇ ಸಿಂಹ ಮುಗೀತು. ಹೆಬ್ಬೆರಳ ಉಗುರಷ್ಟು ಜಾಗದಲ್ಲಿ ನಾಲಿಗೆ, ಬಾಲದ ಕುಚ್ಚು, ನಾಲ್ಕು ಪಂಜ, ಮುಖ ಸರಿಯಾದ ದಿಕ್ಕಿಗೇ ಇದೆ. ಗುರುಗಳು ಬೆಳಕಿಗೆ ಹಿಡಿದು ನೋಡಿ ಡಬ್ಬಿಗೆ ಹಾಕ್ಲಿಲ್ಲ, ಟೇಬಲ್ ಮೇಲೇ ಇಟ್ಟು ಟೀ ಮಾಡೋಕೆ ಹೋದ್ರು. ಫೋಟೋ ತೆಗೆದಿದೀನಿ, ನಾಳೆ ಅಪ್ಪನಿಗೆ ವಾಟ್ಸಾಪ್ ಮಾಡ್ತೀನಿ. ಹಿಂದಿನ ಕಾಲಿನ ಪಂಜ ಸರಿಯಿಲ್ಲ ಅಂತಾರೆ. ಸರಿಯಿಲ್ಲ ಕೂಡ.