ಹೋಗದವರ ಪ್ರಶ್ನೆ ಯಾಕೆ ಮಾಷ್ಟ್ರೇ?

ಆದಿತ್ಯವಾರ ನಮ್ಮೂರ ಕ್ಲಬ್ಬಿನ ವಾರ್ಷಿಕೋತ್ಸವ. ಮಕ್ಕಳ ಕ್ವಿಜ್‌ಗೆ ಪ್ರಶ್ನೆ ಬರೆಯುವ ಕೆಲಸ ಎಂದಿನಂತೆ ನನ್ನ ತಲೆಗೆ. ಇಪ್ಪತ್ತು ಬರೆದು ಕೊಟ್ಟಿದ್ದೆ. ಸ್ಟೇಜ್ ಹತ್ತುವಾಗ ಕೈಗೆ ಬಂದ ಹಾಳೆಯಲ್ಲಿ ಹದಿನಾಲ್ಕನೆಯದಕ್ಕೆ ಕೆಂಪು ಗೀಟು. ಎಷ್ಟು ಒತ್ತಿ ಎಳೆದಿದ್ದರೆಂದರೆ ಹಾಳೆಯ ಹಿಂಬದಿಗೆ ಬೆರಳಾಡಿಸಿದರೆ ತಾಗುತ್ತಿತ್ತು.

ಪ್ರಶ್ನೆ ಇಷ್ಟೇ: ಅಮೆರಿಕದ ಬಾಹ್ಯಾಕಾಶ ನೌಕೆ ಷಟಲ್‌ನಲ್ಲಿ ಹೋಗಲು ಆಯ್ಕೆಯಾಗಿ, ಹೋಗದೆ ಉಳಿದ ಇಸ್ರೋದ ಇಬ್ಬರು ಯಾರು?

ಕೇಳಿದ್ದಕ್ಕೆ ಕಾರ್ಯದರ್ಶಿ ಹುಡುಗ, "ಮಾಷ್ಟ್ರೇ, ಹೋಗದವರ ಪ್ರಶ್ನೆ ಯಾಕೆ? ಹೋದವರದ್ದೇ ಮಕ್ಕಳಿಗೆ ಗೊತ್ತಿಲ್ಲ" ಅಂದ. ಬದಲಿಗೆ ರಾಕೇಶ್ ಶರ್ಮಾ ಹಾಕಿದ್ದ. ಗೊತ್ತಿಲ್ಲದ ಮಕ್ಕಳು ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕಿರುಚಿದವು!

ಆ ಶರ್ಮಾ 1984ರಲ್ಲಿ ಹೋದಾಗ ರವೀಶ್ ಮಲ್ಹೋತ್ರಾ ಅಂತ ಇನ್ನೊಬ್ಬರು ರಷ್ಯಾದಲ್ಲಿ ಅದೇ ತರಬೇತಿ ಮುಗಿಸಿ ಕೆಳಗೆ ನಿಂತಿದ್ದರು. ಅವರ ಹೆಸರು ಯಾವ ಕ್ವಿಜ್‌ನಲ್ಲಿದೆ ಹೇಳಿ.

ಈಗ ನನ್ನ ಹದಿನಾಲ್ಕನೆಯ ಪ್ರಶ್ನೆಗೆ ಬರುತ್ತೇನೆ. ಉತ್ತರ: ನಾಗಪತಿ ಚಿದಂಬರ ಭಟ್ ಮತ್ತು ಪಿ. ರಾಧಾಕೃಷ್ಣನ್ ನಾಯರ್. ಒಬ್ಬರು ಭಟ್ಟರು, ಒಬ್ಬರು ನಾಯರ್. ನಮ್ಮ ಕಾಸರಗೋಡಿನ ಬದಿಯಡ್ಕ ಬಸ್ಸಿನಲ್ಲಿ ಒಂದೇ ಸೀಟಿಗೆ ಕೂತವರ ಹಾಗಿಲ್ವಾ? ಕನ್ನಡವೋ ಮಲಯಾಳವೋ ಅಂತ ಬೋರ್ಡಿನ ಅಕ್ಷರಕ್ಕೂ ಜಗಳ ಆಡುವ ನಾವು ಇವರಿಬ್ಬರನ್ನೂ ನಮ್ಮವರು ಅಂತ ಹಂಚಿಕೊಳ್ಳಬೇಕಿತ್ತು. ಹೆಸರೇ ಕೇಳಿಲ್ಲ.

1986ರಲ್ಲಿ ಇನ್ಸಾಟ್-1ಸಿ ಉಪಗ್ರಹದ ಜೊತೆ ಅವರಲ್ಲೊಬ್ಬರು ಷಟಲ್ ಏರಬೇಕಿತ್ತು. ಜನವರಿ 28ಕ್ಕೆ ಚಾಲೆಂಜರ್ ಅನ್ನುವ ಷಟಲ್ ಹಾರಿದ 73 ಸೆಕೆಂಡಿಗೆ ಒಡೆದು ಏಳು ಜನ ಸತ್ತರು. 1983ರಲ್ಲಿ ನಮ್ಮ ಇನ್ಸಾಟ್-1ಬಿಯನ್ನು ಹೊತ್ತು ಹೋದದ್ದೂ ಇದೇ ಚಾಲೆಂಜರ್. ಆಮೇಲೆ ಎರಡೂವರೆ ವರ್ಷ ಯಾವ ಷಟಲ್ಲೂ ಏಳಲಿಲ್ಲ. ಇನ್ಸಾಟ್-1ಸಿ 1988ರಲ್ಲಿ ಯುರೋಪಿನ ಏರಿಯಾನ್ ರಾಕೆಟ್ ಹತ್ತಿ ಹೋಯಿತು. ಪೆಟ್ಟಿಗೆಗೆ ಬೇರೆ ಗಾಡಿ ಸಿಕ್ಕಿತು, ಮನುಷ್ಯರಿಗೆ ಸಿಗಲಿಲ್ಲ. ಇಲ್ಲಿಂದ ಇನ್ನೊಬ್ಬರು ಮೇಲೆ ಹೋಗಲು 2025 ಆಯಿತು, ಶುಭಾಂಶು ಶುಕ್ಲಾ. ಆಗಲೂ ಬದಲಿಯಾಗಿ ಕೆಳಗೆ ಉಳಿದವರು ಪಾಲಕ್ಕಾಡಿನ ಪ್ರಶಾಂತ್ ನಾಯರ್.

ಹೊರಗಿನವರದ್ದೂ ಇದೇ ಕತೆ. ಅಮೆರಿಕದವರಿಗೆ ಚಂದ್ರನಿಗೆ ಅಪೋಲೋ 18, 19, 20 ಅಂತ ಇನ್ನೂ ಮೂರು ಯಾತ್ರೆ ಇತ್ತು, ದುಡ್ಡಿಲ್ಲ ಅಂತ ಕೈಬಿಟ್ಟರು. ಉಳಿದ ರಾಕೆಟ್ ಈಗ ಹ್ಯೂಸ್ಟನ್‌ನಲ್ಲಿ ಅಡ್ಡ ಮಲಗಿದೆ, ಪಕ್ಕದಲ್ಲಿ ನಿಂತು ಜನ ಫೋಟೋ ತೆಗೆಸಿಕೊಳ್ಳುತ್ತಾರೆ. ಜೋ ಎಂಗಲ್ ಅಪೋಲೋ 17ರಲ್ಲಿ ಹೋಗುವುದರಲ್ಲಿದ್ದರು. ಭೂವಿಜ್ಞಾನಿಯೊಬ್ಬರು ಹೋಗಲೇಬೇಕು ಅಂತಾಗಿ ಆ ಜಾಗ ಹ್ಯಾರಿಸನ್ ಶ್ಮಿಟ್‌ಗೆ ಸಿಕ್ಕಿತು. ರಷ್ಯಾದ ಗಗನಯಾತ್ರಿ ಲಿಯೋನೋವ್ ಚಂದ್ರನ ಮೇಲೆ ಒಬ್ಬರೇ ಇಳಿಯಲು ತಯಾರಾಗುತ್ತಿದ್ದರು. ಅವರನ್ನು ಒಯ್ಯಬೇಕಿದ್ದ ಎನ್1 ರಾಕೆಟ್ 1969ರಿಂದ 1972ರೊಳಗೆ ನಾಲ್ಕು ಸಲ ಹಾರಿತು, ನಾಲ್ಕು ಸಲವೂ ಕೆಟ್ಟಿತು. ಇವರಲ್ಲಿ ಯಾರೂ ಫೇಲ್ ಆದವರಲ್ಲ. ಗಾಡಿ ಬರಲಿಲ್ಲ, ಅಷ್ಟೇ.

"ಹೋಗಿದ್ದರೆ ಜೀವಕ್ಕೇ ಅಪಾಯ ಇತ್ತು, ಬಚಾವಾದರು ಅಂದ್ಕೊಳ್ಳಿ" ಅಂತ ಊಟದ ಸಾಲಿನಲ್ಲಿ ಭಾವ ಸಮಾಧಾನ ಹೇಳಿದ. ಮಾತು ಸುಳ್ಳಲ್ಲ. ಆದರೆ ಬಚಾವಾದವನಿಗೆ ಹೆಸರು ಬೇಡ ಅಂತ ಯಾವ ಶಾಸ್ತ್ರದಲ್ಲಿದೆ? ಭಾವನಿಗೆ ಹೋಳಿಗೆ ಮೇಲೆ ಗಮನ. ಬಿಡಿ.

ಸುಮ್ನೆ ಒಂದು ಪ್ರಶ್ನೆಗೆ ಇಷ್ಟು ಸಿಟ್ಟು ಯಾಕೆ ಅಂತ ನಿಮಗನಿಸಬಹುದು. ಆ ಹುಡುಗ ನನ್ನನ್ನು ಮಾಷ್ಟ್ರೇ ಅನ್ನುತ್ತಾನೆ. ನಾನು ಶಾಲೆಯಲ್ಲಿ ಮಾಷ್ಟ್ರಾದದ್ದು ಯಾವಾಗ? ಕನ್ನಡ ಪೋಸ್ಟಿನ ರ‍್ಯಾಂಕ್ ಲಿಸ್ಟಿನಲ್ಲಿ ಹನ್ನೊಂದನೆಯವ ನಾನು. ಒಂಬತ್ತನೆಯವರ ತನಕ ನೇಮಕದ ಅಡ್ವೈಸ್ ಬಂತು, ಲಿಸ್ಟಿನ ಅವಧಿ ಮುಗಿಯಿತು. ಆ ಜೂನ್‌ಗೆ ಅಂತ ಅಮ್ಮ ಹೊಲಿಸಿಕೊಟ್ಟ ನೀಲಿ ಅಂಗಿಯನ್ನು ಆಮೇಲೆ ಮದುವೆ, ಸತ್ತವರ ಬೊಜ್ಜ ಎಲ್ಲಕ್ಕೂ ಹಾಕಿ ಹರಿದೆ. ಟ್ಯೂಷನ್ ಹೇಳಿಕೊಟ್ಟೇ ತಲೆ ನರೆತಿದೆ.

ಮುಂದಿನ ವರ್ಷ ನಾನೇ ಪ್ರಶ್ನೆ ಬರೆಯುವುದಾದರೆ ಹದಿನಾಲ್ಕನೆಯದ್ದು ಮೊದಲನೆಯದಾಗುತ್ತದೆ. ಒಪ್ಪಿಗೆ ಇಲ್ಲದಿದ್ದರೆ ಬೇರೆಯವರನ್ನು ಹುಡುಕಿಕೊಳ್ಳಲಿ. ಊಟಕ್ಕೆ ಹೇಗೂ ಬರುತ್ತೇನೆ. ಪಾಯಸ ಚೆನ್ನಾಗಿತ್ತು.