ಪಿಸಿ ವಿಆರ್: ಹೆಡ್‌ಸೆಟ್ ಕೆಡೋಕೆ ಮುಂಚೆ ಡ್ರೈವರ್ ಸಾಯುತ್ತೆ

"ವಿಆರ್ ಕಥೆ ಮುಗೀತಂತೆ, ಈಗ ಹೆಡ್‌ಸೆಟ್ ತಗೊಂಡ್ರೆ ದುಡ್ಡು ದಂಡ ಅಲ್ವಾ?" ಗೇಮಿಂಗ್ ಪಿಸಿ ಇಟ್ಟುಕೊಂಡವರು ಇದನ್ನು ಕೇಳ್ತಾನೇ ಇರ್ತಾರೆ. ಪಿಸಿ ವಿಆರ್ ಅಂದರೆ ಕಂಪ್ಯೂಟರ್ ಬಿಡಿಸುವ ಲೋಕವನ್ನು ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಒಳಗಿದ್ದಂತೆ ನೋಡೋದು, ಅಂದರೆ ವರ್ಚುವಲ್ ರಿಯಾಲಿಟಿ. ಲೆನ್ಸು, ಪರದೆ, ಟ್ರ್ಯಾಕಿಂಗ್ ಇವೆಲ್ಲ ಹತ್ತು ವರ್ಷದ ಹಿಂದಿನದಕ್ಕೆ ಹೋಲಿಸೋಕೇ ಆಗದಷ್ಟು ಸುಧಾರಿಸಿವೆ, ಆ ಕಡೆ ಭಯ ಇಲ್ಲ. ನೀವು ಕೊಂಡ ಹೆಡ್‌ಸೆಟ್ ಎಷ್ಟು ವರ್ಷ ಬಾಳುತ್ತೆ ಅನ್ನೋದು ಅದನ್ನು ಓಡಿಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಯಾರ ಕೈಲಿದೆ, ಪಿಸಿ ವಿಆರ್‌ನಿಂದ ಅವರ ಹೊಟ್ಟೆ ತುಂಬುತ್ತಾ ಅನ್ನೋದರ ಮೇಲೆ ನಿಂತಿದೆ. ದೊಡ್ಡ ಕಂಪನಿಗಳಲ್ಲಿ ಸದ್ಯಕ್ಕೆ ಯಾರ ಹೊಟ್ಟೆಯೂ ತುಂಬ್ತಿಲ್ಲ. ಅನಿಶ್ಚಿತತೆ ಇರೋದೆಲ್ಲ ಅಲ್ಲೇ.

ಎರಡು ಹೆಡ್‌ಸೆಟ್ ಪಕ್ಕಪಕ್ಕ ಇಟ್ಟು ನೋಡಿ. ಎಚ್‌ಟಿಸಿ ವೈವ್ ಬಂದದ್ದು 2016ರ ಏಪ್ರಿಲ್‌ನಲ್ಲಿ, 799 ಡಾಲರ್‌ಗೆ. ಎಚ್‌ಪಿ ರಿವರ್ಬ್ ಜಿ2 ಬಂದದ್ದು 2020ರ ಕೊನೆಗೆ, ಒಂದೊಂದು ಕಣ್ಣಿಗೂ 2160×2160 ಪಿಕ್ಸೆಲ್. ವಿಮಾನದ ಕಾಕ್‌ಪಿಟ್‌ನ ಸಣ್ಣ ಅಂಕಿಗಳೂ ಓದೋಕೆ ಸಿಗುತ್ತೆ ಅಂತ ಫ್ಲೈಟ್ ಸಿಮ್ಯುಲೇಟರ್ ಮಂದಿ ಅದನ್ನೇ ಹುಡುಕಿಕೊಂಡು ಹೋದರು. ಹಳೇ ವೈವ್‌ನ ಇವತ್ತು ಪಿಸಿಗೆ ಸಿಕ್ಕಿಸಿದರೂ ವಾಲ್ವ್ ಕಂಪನಿಯ ವಿಆರ್ ತಂತ್ರಾಂಶ ಸ್ಟೀಮ್‌ವಿಆರ್ ಗುರುತಿಸುತ್ತೆ. ಅದಕ್ಕಿಂತ ನಾಲ್ಕೂವರೆ ವರ್ಷ ಚಿಕ್ಕದಾದ ರಿವರ್ಬ್‌ನ ವಿಂಡೋಸ್ 11ರ 24ಎಚ್2 ಆವೃತ್ತಿ ಇರುವ ಪಿಸಿಗೆ ಸಿಕ್ಕಿಸಿದರೆ ತಾನಾಗಿ ಎದ್ದೇಳೋದೇ ಇಲ್ಲ. ಕಾರಣ ಇಷ್ಟೇ: ರಿವರ್ಬ್ ನಡೀತಿದ್ದದ್ದು ವಿಂಡೋಸ್ ಒಳಗೇ ಹುದುಗಿದ್ದ ಮಿಕ್ಸೆಡ್ ರಿಯಾಲಿಟಿ ಅನ್ನೋ ಭಾಗದ ಮೇಲೆ. ಮೈಕ್ರೋಸಾಫ್ಟ್ 2023ರ ಡಿಸೆಂಬರ್‌ನಲ್ಲಿ ಅದನ್ನು ಕೈಬಿಡ್ತೀವಿ ಅಂತ ಹೇಳಿ, 2024ರ ಅಕ್ಟೋಬರ್‌ನಲ್ಲಿ ಬಂದ 24ಎಚ್2ನಲ್ಲಿ ಕಿತ್ತೇ ಹಾಕಿತು. ಏಸರ್, ಲೆನೊವೊ, ಡೆಲ್, ಸ್ಯಾಮ್‌ಸಂಗ್ ಮಾಡಿದ್ದ ಅದೇ ಜಾತಿಯ ಹೆಡ್‌ಸೆಟ್‌ಗಳೆಲ್ಲ ಒಂದೇ ಅಪ್‌ಡೇಟ್‌ಗೆ ಕಪಾಟು ಸೇರಿದವು.

ಹಳೇ 23ಎಚ್2 ಆವೃತ್ತಿಯಲ್ಲೇ ಉಳಿದವರಿಗೆ 2026ರ ನವೆಂಬರ್ ತನಕ ವಾಲ್ವ್‌ನ ಆನ್‌ಲೈನ್ ಗೇಮ್ ಅಂಗಡಿ ಸ್ಟೀಮ್ ಮೂಲಕ ನಡೆಯುತ್ತೆ ಅಂತ ಮೈಕ್ರೋಸಾಫ್ಟ್ ಹೇಳಿತ್ತು. ಸೆಕ್ಯೂರಿಟಿ ಅಪ್‌ಡೇಟ್ ಬಿಟ್ಟು ಹೆಡ್‌ಸೆಟ್ ಉಳಿಸಿಕೊಳ್ಳೋದು ಎಂಥ ವ್ಯವಹಾರ ಹೇಳಿ. ಕೊನೆಗೆ 2025ರಲ್ಲಿ ಒಬ್ಬ ಎಂಜಿನಿಯರ್ ಬಿಡುವಿನ ವೇಳೆಯಲ್ಲಿ ಕೂತು ಬರೆದ ಒಯಾಸಿಸ್ ಅನ್ನೋ ಡ್ರೈವರ್ ಸ್ಟೀಮ್‌ನಲ್ಲಿ ಉಚಿತವಾಗಿ ಬಂತು, ಸತ್ತ ಹೆಡ್‌ಸೆಟ್‌ಗಳು ಎದ್ದು ಕೂತವು. ಆದರೆ ಅದು ನಡೆಯೋದು ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾತ್ರ. ಎಎಂಡಿ ಕಾರ್ಡ್‌ನವರು ಲಿನಕ್ಸ್ ಹಾಕಿಕೊಂಡು ಮೊನಾಡೊ ಅನ್ನೋ ಮುಕ್ತ ತಂತ್ರಾಂಶದ ಜೊತೆ ಗುದ್ದಾಡಬೇಕು, ಅದು ಎಲ್ಲರಿಗೂ ಆಗುವ ಕೆಲಸ ಅಲ್ಲ.

ಮೆಟಾದ ಕಥೆ ಇನ್ನೊಂದು ದಾರಿ ಹಿಡಿದದ್ದು. 2014ರಲ್ಲಿ ಸುಮಾರು 200 ಕೋಟಿ ಡಾಲರ್‌ಗೆ ಆಕ್ಯುಲಸ್ ಅನ್ನೋ ವಿಆರ್ ಕಂಪನಿ ಕೊಂಡ ಫೇಸ್‌ಬುಕ್ (ಇವತ್ತಿನ ಮೆಟಾ), 2016ರಲ್ಲಿ ರಿಫ್ಟ್, 2019ರಲ್ಲಿ ರಿಫ್ಟ್ ಎಸ್ ಅಂತ ಪಿಸಿ ಹೆಡ್‌ಸೆಟ್ ತಂದಿತು. ಆಮೇಲೆ ಪಿಸಿಯ ಹಂಗೇ ಇಲ್ಲದ ಕ್ವೆಸ್ಟ್ ಕಡೆ ಪೂರ್ತಿ ವಾಲಿತು. ಪಿಸಿಯವರ ಪಾಲಿಗೆ ಏನಾಯ್ತು ಅನ್ನೋದಕ್ಕೆ ಒಂದೇ ಗೇಮ್ ಸಾಕು: ಆಸ್‌ಗಾರ್ಡ್ಸ್ ರಾತ್ 2019ರಲ್ಲಿ ಪಿಸಿಗೆ ಬಂತು, ಅದರ ಎರಡನೇ ಭಾಗ 2023ರಲ್ಲಿ ಬಂದದ್ದು ಕ್ವೆಸ್ಟ್‌ಗೆ ಮಾತ್ರ. ದುಡ್ಡು ಹಾಕುವವರು ಅಲ್ಲಿಗೆ ಹೋದರು, ಸ್ಟುಡಿಯೋಗಳೂ ಹಿಂದೆ ಹೋದವು. ಆ ಕಡೆ ಹೋಗಿಯಾದರೂ ಲಾಭ ಬಂತಾ ಅಂದರೆ ಅದೂ ಇಲ್ಲ. 2024 ಒಂದೇ ವರ್ಷದಲ್ಲಿ ವಿಆರ್ ನೋಡಿಕೊಳ್ಳುವ ಮೆಟಾದ ರಿಯಾಲಿಟಿ ಲ್ಯಾಬ್ಸ್ ವಿಭಾಗದ ನಷ್ಟ 1,770 ಕೋಟಿ ಡಾಲರ್. ವಾಲ್ವ್ 2020ರ ಮಾರ್ಚ್‌ನಲ್ಲಿ ಹಾಫ್-ಲೈಫ್: ಅಲಿಕ್ಸ್ ಅನ್ನೋ ಗೇಮ್ ಕೊಟ್ಟಿತು. ಅಷ್ಟು ದುಡ್ಡು, ಅಷ್ಟು ತಾಳ್ಮೆ ಸುರಿದು ಪಿಸಿ ವಿಆರ್‌ಗೆಂದೇ ಮಾಡಿದ ಗೇಮ್ ಆಮೇಲೆ ಬೆರಳೆಣಿಕೆಗೂ ಸಿಗಲ್ಲ. ಸ್ಟೀಮ್‌ನ ತಿಂಗಳ ಹಾರ್ಡ್‌ವೇರ್ ಸಮೀಕ್ಷೆಯಲ್ಲಿ ವಿಆರ್ ಹೆಡ್‌ಸೆಟ್ ಇರುವವರ ಪ್ರಮಾಣ ವರ್ಷಗಟ್ಟಲೆ ಶೇ. 2ರ ಆಸುಪಾಸಿನಲ್ಲೇ ಗಿರಕಿ ಹೊಡೀತಿದೆ.

ಜನ ಯಾಕೆ ಬರಲ್ಲ ಅನ್ನೋದಕ್ಕೆ ಹೆಡ್‌ಸೆಟ್ ಬೆಲೆಗಿಂತ ಪಿಸಿ ಬೆಲೆ ದೊಡ್ಡ ಕಾರಣ. ಲೆಕ್ಕ ಹಾಕಿ. ವಾಲ್ವ್‌ನ ಇಂಡೆಕ್ಸ್ ಹೆಡ್‌ಸೆಟ್‌ನ ಪರದೆ ಒಂದು ಕಣ್ಣಿಗೆ 1440×1600. ಆದರೆ ಲೆನ್ಸ್ ಚಿತ್ರವನ್ನು ಬಾಗಿಸುವುದನ್ನು ಸರಿದೂಗಿಸಲು ಸ್ಟೀಮ್‌ವಿಆರ್ ಶೇ. 100ರ ಸೆಟ್ಟಿಂಗ್‌ನಲ್ಲಿ ಒಂದು ಕಣ್ಣಿಗೆ 2016×2240ರಷ್ಟು ಬಿಡಿಸುತ್ತೆ. ಎರಡೂ ಕಣ್ಣಿಗೆ ಸೇರಿ 90 ಲಕ್ಷ ಪಿಕ್ಸೆಲ್, ಸೆಕೆಂಡಿಗೆ 90 ಸಲ, ಅಂದರೆ ಸೆಕೆಂಡಿಗೆ 81 ಕೋಟಿ. ಮಾಮೂಲಿ 1080ಪಿ ಮಾನಿಟರ್‌ಗೆ 60 ಫ್ರೇಮ್ ಕೊಡೋಕೆ ಬೇಕಾದದ್ದು ಸುಮಾರು 12.4 ಕೋಟಿ. ಆರೂವರೆ ಪಟ್ಟು ಕೆಲಸ, ಅದೂ 2019ರ ಹೆಡ್‌ಸೆಟ್‌ಗೆ. ಒಂದೊಂದು ಫ್ರೇಮಿಗೂ ಸಿಗೋದು 11.1 ಮಿಲಿಸೆಕೆಂಡ್. ಮಾನಿಟರ್‌ನಲ್ಲಿ ಒಂದು ಫ್ರೇಮ್ ತಪ್ಪಿದರೆ ಕಣ್ಣಿಗೂ ಬೀಳಲ್ಲ, ವಿಆರ್‌ನಲ್ಲಿ ತಲೆ ತಿರುಗಿಸಿದಾಗ ಲೋಕ ಒಂದು ಕ್ಷಣ ತಡವಾಗಿ ತಿರುಗಿದರೆ ಒಳಗಿವಿ ಹೇಳೋದೇ ಒಂದು, ಕಣ್ಣು ಹೇಳೋದೇ ಒಂದು ಆಗಿ ಹೊಟ್ಟೆ ತೊಳಸುತ್ತೆ. ಕಾರ್ಡ್ ಸೋತಾಗ ಸಾಫ್ಟ್‌ವೇರ್ 45 ಫ್ರೇಮಿಗೆ ಇಳಿದು ನಡುವಿನದನ್ನು ಊಹಿಸಿ ತುಂಬುತ್ತೆ. ಆಗ ಕಾರಿನ ಸ್ಟೀರಿಂಗ್ ಅಂಚು, ವಿಮಾನದ ಪ್ರೊಪೆಲ್ಲರ್ ಸುತ್ತ ಚಿತ್ರ ನೀರಿನಂತೆ ಅಲುಗಾಡೋದು ಕಾಣುತ್ತೆ. ಅಂಥದ್ದು ಕಂಡರೆ ಗ್ರಾಫಿಕ್ಸ್‌ನಲ್ಲಿ ಮೊದಲು ಇಳಿಸಬೇಕಾದ್ದು ನೆರಳು, ಪ್ರತಿಫಲನ ಮತ್ತು ಮೋಡ. ರೆಸಲ್ಯೂಷನ್ ಕೊನೆಗೆ ಇಳಿಸಿ, ಯಾಕಂದರೆ ದೂರದ ಅಕ್ಷರ ಓದೋಕೆ ಅದೇ ಬೇಕು.

ಈಗ ಪಿಸಿಯಿಂದ ಹೆಡ್‌ಸೆಟ್‌ಗೆ ಚಿತ್ರ ಹೋಗುವ ದಾರಿ. ಮುಂದಿನ ದಿನಗಳ ಜಗಳ ಇರೋದು ಇಲ್ಲೇ. ಡಿಸ್‌ಪ್ಲೇಪೋರ್ಟ್ ಕೇಬಲ್ ಇರುವ ಹೆಡ್‌ಸೆಟ್‌ಗಳು ಪಿಸಿ ಬಿಡಿಸಿದ ಚಿತ್ರವನ್ನು ಮಾನಿಟರಿನಂತೆ ನೇರವಾಗಿ ತಗೊಳ್ತವೆ. ಕ್ವೆಸ್ಟ್ 3ಕ್ಕೆ ಆ ದಾರಿಯೇ ಇಲ್ಲ. ಪಿಸಿ ಚಿತ್ರವನ್ನು ವಿಡಿಯೋ ಆಗಿ ಹಿಂಡಿ ಕಳಿಸುತ್ತೆ, ಹೆಡ್‌ಸೆಟ್ ಬಿಚ್ಚಿ ತೋರಿಸುತ್ತೆ, ಯುಎಸ್‌ಬಿ ಕೇಬಲ್ ಹಾಕಿದರೂ ಅಷ್ಟೇ. ಒಂದು ಕಣ್ಣಿಗೆ 2064×2208, 90 ಹರ್ಟ್ಸ್, 24 ಬಿಟ್ ಬಣ್ಣ ಅಂದರೆ ಹಿಂಡದೆ ಕಳಿಸೋಕೆ ಸೆಕೆಂಡಿಗೆ ಸುಮಾರು 19.7 ಗಿಗಾಬಿಟ್ ಬೇಕು. ವಿಡಿಯೋ ಹಿಂಡುವ ಎವಿ1 ಕೋಡೆಕ್‌ನಲ್ಲಿ ಹೋಗೋದು 200 ಮೆಗಾಬಿಟ್. ಹೆಚ್ಚುಕಮ್ಮಿ ನೂರಕ್ಕೆ ಒಂದು ಪಾಲು! ಚೊಕ್ಕ ಗೋಡೆಗಳಿರುವ ಗೇಮಿನಲ್ಲಿ ವ್ಯತ್ಯಾಸ ಗೊತ್ತಾಗಲ್ಲ. ಎಲೆ, ಹುಲ್ಲು ತುಂಬಿದ ಕಾಡಿನ ರ್‍ಯಾಲಿ ರಸ್ತೆಯಲ್ಲಿ ವೇಗವಾಗಿ ಹೋದಾಗ, ಕತ್ತಲೆಯ ದೃಶ್ಯಗಳಲ್ಲಿ ಚೌಕಚೌಕ ಕಲೆ ಎದ್ದು ಕಾಣುತ್ತೆ. ಮೇಲಿಂದ 40-50 ಮಿಲಿಸೆಕೆಂಡ್ ತಡ. ತಲೆಯ ಚಲನೆಯನ್ನು ಹೆಡ್‌ಸೆಟ್ ಕೊನೇ ಗಳಿಗೆಯಲ್ಲಿ ತಾನೇ ಸರಿಪಡಿಸೋದರಿಂದ ವಾಕರಿಕೆ ಬರಲ್ಲ, ಆದರೆ ಕೈಯ ಹೊಡೆತ ತಾಳಕ್ಕೆ ಬೀಳಬೇಕಾದ ಗೇಮ್‌ಗಳಲ್ಲಿ ಆ ತಡ ಕೈಗೆ ಗೊತ್ತಾಗುತ್ತೆ.

ಕ್ವೆಸ್ಟ್ ವೈರ್‌ಲೆಸ್ ಕೈಕೊಡ್ತಿದೆ ಅನ್ನುವವರಲ್ಲಿ ಹೆಚ್ಚಿನವರ ಪಿಸಿಯೂ ವೈಫೈನಲ್ಲೇ ಇರುತ್ತೆ. ಅದೇ ಮೊದಲ ತಪ್ಪು. ಒಂದೇ ಗಾಳಿಯಲ್ಲಿ ಚಿತ್ರ ಎರಡು ಸಲ ಓಡಾಡಬೇಕಾಗುತ್ತೆ. ಪಿಸಿಯಿಂದ ರೂಟರ್‌ಗೆ ಗಿಗಾಬಿಟ್ ಲ್ಯಾನ್ ಕೇಬಲ್ ಎಳೆಯಿರಿ, ಕ್ಯಾಟ್ 5ಇ ಸಾಕು. ಇಂಟರ್ನೆಟ್ ಕಂಪನಿ ಕೊಟ್ಟ ಡಬ್ಬಿ ಹಾಲ್‌ನಲ್ಲೇ ಇರಲಿ. ಆಡುವ ಕೋಣೆಯಲ್ಲಿ ವೈಫೈ 6 ಇರುವ ಇನ್ನೊಂದು ರೂಟರ್ ಆ್ಯಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ ಇಡಿ, ಅದಕ್ಕೆ ಹೆಡ್‌ಸೆಟ್ ಒಂದೇ ಸೇರಲಿ. 5 ಗಿಗಾಹರ್ಟ್ಸ್, 80 ಮೆಗಾಹರ್ಟ್ಸ್ ಅಗಲ, ಚಾನೆಲ್ 36 ಅಥವಾ 149, ಇಷ್ಟನ್ನು ಕೈಯಾರೆ ನಿಗದಿ ಮಾಡಿ. ಆಟೋ ಬಿಟ್ಟರೆ ರೇಡಾರ್ ಜೊತೆ ಹಂಚಿಕೊಳ್ಳುವ ಚಾನೆಲ್‌ಗೆ ಹೋಗಿ ಕೂತು ಆಟದ ನಡುವೆ ಜಾಗ ಬದಲಿಸುವ ಸಾಧ್ಯತೆ ಇದೆ. ಅಪಾರ್ಟ್‌ಮೆಂಟ್‌ನಲ್ಲಿ 160ರ ಅಗಲ ಆಸೆಗೆ ಹಾಕಬೇಡಿ, ಅಕ್ಕಪಕ್ಕದ ಮನೆಗಳ ಸಿಗ್ನಲ್ ಮೈಮೇಲೆ ಬೀಳುತ್ತೆ. ಕೇಬಲ್‌ನಲ್ಲೇ ಆಡುವವರಿಗೆ ಒಂದು ಮಾತು: ಪಿಸಿಯ ಮಾಮೂಲಿ ಯುಎಸ್‌ಬಿ 3 ಪೋರ್ಟ್ ಕೊಡುವ ಕರೆಂಟ್ ಹೆಡ್‌ಸೆಟ್ ತಿನ್ನೋದಕ್ಕಿಂತ ಕಡಿಮೆ. ಸಿಕ್ಕಿಸಿಕೊಂಡೇ ಆಡಿದರೂ ಬ್ಯಾಟರಿ ಮೆಲ್ಲಗೆ ಇಳಿಯೋದು ಸಹಜ, ಹೆಡ್‌ಸೆಟ್ ಕೆಟ್ಟಿಲ್ಲ.

ಡಿಸ್‌ಪ್ಲೇಪೋರ್ಟ್ ಬೇಕು, ಬೆಲೆಯೂ ಕೈಗೆಟುಕಬೇಕು ಅನ್ನುವವರಿಗೆ ಸೋನಿ ತನ್ನ ಪ್ಲೇಸ್ಟೇಷನ್‌ಗೆಂದು ಮಾಡಿದ ಪಿಎಸ್ ವಿಆರ್2 ಹೆಡ್‌ಸೆಟ್ ಒಂದು ವಿಚಿತ್ರ ವರ. 2024ರ ಆಗಸ್ಟ್‌ನಲ್ಲಿ 60 ಡಾಲರ್‌ನ ಪಿಸಿ ಅಡಾಪ್ಟರ್ ಬಂತು. ಒಎಲ್‌ಇಡಿ ಪರದೆಯ ಕಪ್ಪು ನಿಜವಾದ ಕಪ್ಪು. ಆದರೆ ಪಿಸಿಯಲ್ಲಿ ಬೆಳಕು-ಕತ್ತಲೆಯ ಅಂತರ ಹೆಚ್ಚಿಸಿ ತೋರಿಸುವ ಎಚ್‌ಡಿಆರ್ ಇಲ್ಲ, ಕಣ್ಣಿನ ಚಲನೆ ಹಿಡಿಯೋದನ್ನು ಸೋನಿ ಬಿಟ್ಟುಕೊಟ್ಟಿಲ್ಲ, ಹೆಡ್‌ಸೆಟ್‌ನ ಕಂಪನವೂ ಇಲ್ಲ. ಡಿಸ್‌ಪ್ಲೇಪೋರ್ಟ್ 1.4 ಕೇಬಲ್ ಪೆಟ್ಟಿಗೆಯಲ್ಲಿ ಬರಲ್ಲ. ಅದನ್ನು ಅಗ್ಗಕ್ಕೆ ತಂದು ಪರದೆ ಕಪ್ಪಾಗ್ತಿದೆ ಅಂತ ಗೋಳಾಡೋದು ಆನೆ ಕೊಂಡು ಅಂಕುಶಕ್ಕೆ ಚೌಕಾಶಿ ಮಾಡಿದ ಹಾಗೆ; ಎರಡು ಮೀಟರ್ ಒಳಗಿನ, ಪ್ರಮಾಣೀಕರಿಸಿದ ಕೇಬಲ್ಲೇ ತನ್ನಿ. ಎಚ್‌ಡಿಎಂಐ ಮಾತ್ರ ಇರುವ ಲ್ಯಾಪ್‌ಟಾಪ್‌ಗೆ ಇದರ ಗೊಡವೆಯೇ ಬೇಡ. ಇನ್ನು ಕಂಟ್ರೋಲರ್ ಗಾಳಿಯಲ್ಲಿ ತೇಲಿಹೋಗುವ ದೂರು. ಅದಕ್ಕೆ ಬಹುಪಾಲು ಕಾರಣ ಬ್ಲೂಟೂತ್. ಯುಎಸ್‌ಬಿ 3 ಪೋರ್ಟ್‌ಗಳು ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಎಬ್ಬಿಸ್ತವೆ, ಪಕ್ಕದಲ್ಲೇ ಚುಚ್ಚಿದ ಬ್ಲೂಟೂತ್ ಡಾಂಗಲ್‌ಗೆ ಏನೂ ಕೇಳಿಸಲ್ಲ. ಡಾಂಗಲ್‌ನ ಒಂದು ಮೀಟರ್ ಎಕ್ಸ್‌ಟೆನ್ಶನ್ ಕೇಬಲ್‌ಗೆ ಹಾಕಿ ಮೇಜಿನ ಮೇಲೆ, ಕೈಗೆ ಎದುರಾಗಿ ಇಡಿ. ಮದರ್‌ಬೋರ್ಡ್‌ನ ಸ್ವಂತ ಬ್ಲೂಟೂತ್ ಬಳಸೋದಾದರೆ ಅದರ ಆ್ಯಂಟೆನಾ ಸಿಕ್ಕಿಸಿದ್ದೀರಾ ನೋಡಿ; ಎಷ್ಟೋ ಜನರ ಆ್ಯಂಟೆನಾ ಇನ್ನೂ ಪೆಟ್ಟಿಗೆಯಲ್ಲೇ ಇರುತ್ತೆ.

ವಾಲ್ವ್ 2025ರ ನವೆಂಬರ್‌ನಲ್ಲಿ ಘೋಷಿಸಿದ ಸ್ಟೀಮ್ ಫ್ರೇಮ್ ಹೆಡ್‌ಸೆಟ್ ನೋಡಿದರೆ ಗಾಳಿ ಯಾವ ಕಡೆ ಬೀಸ್ತಿದೆ ಗೊತ್ತಾಗುತ್ತೆ. ಇಂಡೆಕ್ಸ್ ಮಾಡಿದ ಕಂಪನಿಯೇ ಇದರಲ್ಲಿ ಡಿಸ್‌ಪ್ಲೇಪೋರ್ಟ್ ಕೊಟ್ಟಿಲ್ಲ. ಬದಲಿಗೆ ಪಿಸಿಗೆ ಹಾಕುವ 6 ಗಿಗಾಹರ್ಟ್ಸ್ ಡಾಂಗಲ್ ಕೊಡ್ತಿದೆ, ಕಣ್ಣು ಎಲ್ಲಿ ನೋಡ್ತಿದೆಯೋ ಅಷ್ಟು ಜಾಗಕ್ಕೆ ಮಾತ್ರ ಹೆಚ್ಚು ಬಿಟ್‌ಗಳನ್ನು ಸುರಿಯುತ್ತೆ. ಉಪಾಯ ಚೆನ್ನಾಗಿದೆ. ಇದು ವಿಡಿಯೋ ಕಳಿಸುವ ಹೊರೆ ಇಳಿಸುತ್ತೆ, ಗೇಮ್ ಬಿಡಿಸುವ ಗ್ರಾಫಿಕ್ಸ್ ಕಾರ್ಡ್‌ನ ಹೊರೆ ಹಾಗೇ ಇರುತ್ತೆ; ಎರಡನ್ನೂ ಒಂದೇ ಅಂದುಕೊಂಡು ಹಳೇ ಕಾರ್ಡ್‌ನ ನಂಬಿ ಕೂರಬೇಡಿ. ನಮ್ಮ ದೇಶದಲ್ಲಿ 5925ರಿಂದ 6425 ಮೆಗಾಹರ್ಟ್ಸ್ ಪಟ್ಟಿಯನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಡುವ ಕರಡು ನಿಯಮ ಬಂದದ್ದೇ 2025ರ ಮೇ ತಿಂಗಳಲ್ಲಿ. ಅಮೆರಿಕದಲ್ಲಿ 7125ರ ತನಕ ಬಿಟ್ಟಿದ್ದಾರೆ. ಹೊರದೇಶದಿಂದ ಬರುವ ನೆಂಟರ ಸೂಟ್‌ಕೇಸ್ ನೆಚ್ಚಿಕೊಂಡವರು ಇದನ್ನೂ ವಾರಂಟಿಯನ್ನೂ ಲೆಕ್ಕಕ್ಕೆ ತಗೊಳ್ಳಿ. ಕಂಟ್ರೋಲರ್ ಕೆಟ್ಟರೆ ಅದೇ ಸೂಟ್‌ಕೇಸ್ ವಾಪಸ್ ಹೋಗಬೇಕು.

ಹಾಗಾದರೆ ಪಿಸಿ ವಿಆರ್ ಯಾರಿಗೆ? ಕೂತು ಆಡುವವರಿಗೆ ಅಂತ ನನ್ನ ಖಚಿತ ಅಭಿಪ್ರಾಯ. ಅಸೆಟ್ಟೊ ಕೊರ್ಸಾ, ಐರೇಸಿಂಗ್, ಡಿಸಿಎಸ್, ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್, ಇಂಥ ಕಾರು, ವಿಮಾನ ಓಡಿಸುವ ಗೇಮ್‌ಗಳು. ಇಲ್ಲಿ ತಿರುವಿನ ಆಳ, ಪಕ್ಕದ ಕಾರಿನ ದೂರ ಕಣ್ಣಿಗೇ ಗೊತ್ತಾಗುತ್ತೆ, ಮೂರು ಮಾನಿಟರ್ ಇಟ್ಟರೂ ಅದು ಬರಲ್ಲ. ಈ ಮಂದಿ ವಿಆರ್ ಗೇಮ್ ಬರುತ್ತಾ ಅಂತ ಯಾರ ಬಾಗಿಲೂ ಕಾಯಬೇಕಿಲ್ಲ, ಅವರ ಗೇಮ್ ಹೇಗೂ ಮಾನಿಟರ್‌ನವರ ದುಡ್ಡಿನಲ್ಲಿ ಬದುಕಿರುತ್ತೆ. 2024ರ ಜನವರಿಯಲ್ಲಿ ಬಂದ ಯುಇವಿಆರ್ ಅನ್ನೋ ಉಚಿತ ಸಾಧನ ಅನ್‌ರಿಯಲ್ ಎಂಜಿನ್‌ನ ಮಾಮೂಲಿ ಗೇಮ್‌ಗಳನ್ನೂ ವಿಆರ್‌ಗೆ ತಿರುಗಿಸುತ್ತೆ. ಎಲ್ಲವೂ ಸರಿಯಾಗಿ ಬರಲ್ಲ, ಕೆಲವದರಲ್ಲಿ ಒಂದು ಕಣ್ಣಿಗೆ ನೆರಳು ಬೇರೆ ಬೀಳುತ್ತೆ, ಆದರೂ ಹೊಸ ಗೇಮ್‌ಗಳ ಬರಕ್ಕೆ ಇದೇ ಸದ್ಯದ ಮದ್ದು. ಆನ್‌ಲೈನ್ ಗೇಮ್‌ನಲ್ಲಿ ಮಾತ್ರ ಬಳಸಬೇಡಿ, ಮೋಸಗಾರಿಕೆ ಹಿಡಿಯುವ ತಂತ್ರಾಂಶ ನಿಮ್ಮ ಖಾತೆಯನ್ನೇ ಮುಚ್ಚಿಸಬಹುದು.

ನಿಂತು ಓಡಾಡಿ ಆಡುವ ಆಸೆ ಇದ್ದವರು ಕ್ವೆಸ್ಟ್ 3 ತಗೊಂಡು ಪಿಸಿಯನ್ನು ಹೆಚ್ಚುವರಿ ಲಾಭ ಅಂದುಕೊಳ್ಳಿ. ಪಿಸಿ ವಿಆರ್ ನಾಳೆ ನಿಂತುಹೋದರೂ ಕೈಯಲ್ಲಿ ಒಂದು ಯಂತ್ರ ಉಳಿಯುತ್ತೆ. ಬಿಗ್‌ಸ್ಕ್ರೀನ್ ಬಿಯಾಂಡ್ 2 ಅನ್ನೋ ಪಿಸಿ ಹೆಡ್‌ಸೆಟ್ ಬರೀ 107 ಗ್ರಾಂ ಅಂತ ಮನಸೋಲುವ ಮುಂಚೆ ಅದಕ್ಕೆ ಬೇಸ್ ಸ್ಟೇಷನ್ನೂ (ಹೆಡ್‌ಸೆಟ್ ಎಲ್ಲಿದೆ ಅಂತ ಗುರುತಿಸೋಕೆ ಕೋಣೆಯಲ್ಲಿ ಇಡುವ ಡಬ್ಬಿ) ಕಂಟ್ರೋಲರೂ ಬೇರೆ ಕೊಳ್ಳಬೇಕು ಅನ್ನೋದು ನೆನಪಿರಲಿ.

ಸೆಕೆಂಡ್ ಹ್ಯಾಂಡ್ ನೋಡುವವರು ಪೂರ್ತಿ ಬಿಳಿ ಚಿತ್ರ ಹಾಕಿಸಿ ಒಂದೊಂದೇ ಕಣ್ಣಲ್ಲಿ ನೋಡಿ. ಹಳದಿ ಅಥವಾ ಕಪ್ಪು ಚುಕ್ಕೆ, ಗೆರೆ ಕಂಡರೆ ಅದು ಕಿಟಕಿ ಪಕ್ಕ ಇಟ್ಟು ಬಿಸಿಲು ಲೆನ್ಸ್ ಮೂಲಕ ಪರದೆ ಸುಟ್ಟದ್ದು, ರಿಪೇರಿ ಇಲ್ಲ. ಕ್ವೆಸ್ಟ್ 2 ಆದರೆ ಕಣ್ಣುಗಳ ನಡುವಿನ ಅಂತರಕ್ಕೆ ಇರೋದು 58, 63, 68 ಮಿಲಿಮೀಟರ್ ಅಂತ ಮೂರೇ ಜಾಗ, ನಿಮ್ಮದು 72 ಇದ್ದರೆ ಬಿಡಿ. ಬೇಸ್ ಸ್ಟೇಷನ್ ಜೊತೆ ಬಂದರೆ ಅದು 1.0 ಅಥವಾ 2.0 ಅಂತ ಕೇಳಿ. ಮೊದಲ ವೈವ್ 2.0 ಜೊತೆ ಕೆಲಸ ಮಾಡಲ್ಲ, ಇಂಡೆಕ್ಸ್ ಎರಡರ ಜೊತೆಗೂ ಆಗುತ್ತೆ. ರಿವರ್ಬ್ ಜಿ2 ಯಾರಾದರೂ ಮೂರು ಕಾಸಿಗೆ ಕೊಡ್ತೀನಿ ಅಂದರೆ, ನಿಮ್ಮ ಪಿಸಿಯಲ್ಲಿ ಎನ್ವಿಡಿಯಾ ಕಾರ್ಡ್ ಇದ್ದು, ನೀವು ಆಡೋದು ಬರೀ ಫ್ಲೈಟ್ ಸಿಮ್ ಆದರೆ, ತಗೊಳ್ಳಬಹುದು. ಮನೆಗೆ ತಂದ ಮೇಲಲ್ಲ, ಮಾರುವವರ ಮುಂದೆಯೇ ಒಯಾಸಿಸ್ ಡ್ರೈವರ್‌ನಲ್ಲಿ ಹತ್ತು ನಿಮಿಷ ಓಡಿಸಿ. ಆ ಹೆಡ್‌ಸೆಟ್‌ನ ಕೇಬಲ್ ಮೊದಲಿಂದಲೂ ನಾಜೂಕು, ಬಿಡಿಯಾಗಿ ಸಿಗೋದೂ ಈಗ ಕಷ್ಟ. ಓಡ್ತಿರುವಾಗಲೇ ಕೇಬಲ್‌ನ ಎರಡೂ ತುದಿ ಮೆಲ್ಲಗೆ ಅಲುಗಾಡಿಸಿ ನೋಡಿ, ಚಿತ್ರ ಮಿನುಗಿದರೆ ಎದ್ದು ಬನ್ನಿ.